ಎಡ ಇಂಡಿಕೇಟರ್‌ಗೆ ಮಾತ್ರ ಯಾಕಿಷ್ಟು ಅವಸರ?

ಪ್ರಶ್ನೆ: ನನ್ನದು 2011ರಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರು. ತೀರ್ಥಹಳ್ಳಿಯ ಹತ್ತಿರ ತೋಟದ ಮನೆ. ಕಾರು ನಿಲ್ಲುವುದು ತಗಡಿನ ಮಾಡಿನಡಿ. ಈ ಮಳೆಗಾಲ ಕಳೆದ ಮೇಲೆ ಎಡಗಡೆ ಇಂಡಿಕೇಟರ್ ಹಾಕಿದರೆ ಟಿಕ್‌ಟಿಕ್ ಸದ್ದು ಎರಡು ಪಟ್ಟು ವೇಗವಾಗಿ ಬರುತ್ತಿದೆ. ಬಲಗಡೆಯದು ಮೊದಲಿನಂತೆಯೇ ಇದೆ. ನಾಲ್ಕೂ ದೀಪ ಒಟ್ಟಿಗೆ ಮಿನುಗುವ ಕೆಂಪು ಗುಂಡಿ ಒತ್ತಿದರೆ ವೇಗ ಸರಿಯಿರುತ್ತದೆ, ಆದರೆ ಹಿಂದಿನ ಎಡ ದೀಪ ಮಂಕಾಗಿ ಉರಿಯುತ್ತದೆ. ರಾತ್ರಿ ಎಡಕ್ಕೆ ಇಂಡಿಕೇಟರ್ ಹಾಕಿದಾಗ ಅದೇ ಬದಿಯ ಕೆಂಪು ಟೇಲ್ ಲ್ಯಾಂಪ್ ಕೂಡ ಹೊತ್ತಿ ಆರುತ್ತದೆಂದು ಹಿಂದೆ ಬಂದ ಬೈಕಿನವರೊಬ್ಬರು ನಿಲ್ಲಿಸಿ ಹೇಳಿದರು. ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ಎಡ ಬಾಣ ಒಮ್ಮೊಮ್ಮೆ ನಸುವಾಗಿ ಕಾಣುತ್ತದೆ. ಹಿಂದಿನ ಬಲ್ಬ್ ಬದಲಿಸಿದೆ, ಎರಡು ದಿನ ಸರಿಯಿತ್ತು, ಮತ್ತೆ ಅದೇ ಕಥೆ. ಒಬ್ಬ ಎಲೆಕ್ಟ್ರಿಷಿಯನ್ ಇಂಡಿಕೇಟರನ್ನು ಮಿನುಗಿಸುವ ಫ್ಲಾಷರ್ ಹೋಗಿದೆ ಎಂದು ಹೊಸತು ಹಾಕಿದರು, ಏನೂ ಬದಲಾಗಲಿಲ್ಲ. ಇನ್ನೊಬ್ಬರು ಬ್ಯಾಟರಿ ವೀಕ್ ಎಂದರು. ಮೂರನೆಯವರು ಪೂರ್ತಿ ವೈರಿಂಗ್ ಬದಲಿಸಬೇಕೆನ್ನುತ್ತಿದ್ದಾರೆ. ಮಗ ಆನ್‌ಲೈನ್‌ನಲ್ಲಿ ಎಲ್‌ಇಡಿ ಬಲ್ಬ್ ತರಿಸಿ ಹಾಕಿದ ಮೇಲೆ ಈಗ ಎರಡೂ ಬದಿ ವೇಗವಾಗಿ ಮಿನುಗುತ್ತಿವೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮೂವರು ಎಲೆಕ್ಟ್ರಿಷಿಯನ್ನರ ಅಭಿಪ್ರಾಯವಲ್ಲ, ಆ ಬೈಕಿನವರ ಮಾತು. ಇಂಡಿಕೇಟರ್ ಮಿನುಗುವಾಗ ಅದೇ ಬದಿಯ ಟೇಲ್ ಲ್ಯಾಂಪ್ ಕೂಡ ಹೊತ್ತಿ ಆರುತ್ತದೆ ಎಂದರೆ, ಮತ್ತು ಬ್ರೇಕ್ ಒತ್ತಿದಾಗ ಸಂಬಂಧವೇ ಇಲ್ಲದ ಎಡ ಬಾಣ ನಸುವಾಗಿ ಕಾಣುತ್ತದೆ ಎಂದರೆ, ಹಿಂದಿನ ಎಡ ದೀಪದ ಗೂಡಿನಲ್ಲಿ ಬಾಡಿ ಅರ್ಥ್, ಅಂದರೆ ಕರೆಂಟ್ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಹಿಂದಿರುಗುವ ಸಂಪರ್ಕ, ಕೈಕೊಟ್ಟಿದೆ ಎಂದೇ ನೂರಕ್ಕೆ ತೊಂಬತ್ತು ಪಾಲು ನಾನು ಭಾವಿಸುತ್ತೇನೆ. ಉಳಿದ ಹತ್ತು ಪಾಲಿನ ಅನುಮಾನವನ್ನು ಒಂದು ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷದಲ್ಲಿ ಕಳೆದುಕೊಳ್ಳಬಹುದು. ಅಲ್ಲಿಯವರೆಗೆ ದಯವಿಟ್ಟು ಇನ್ನೊಂದು ಬಿಡಿಭಾಗವನ್ನೂ ಕೊಳ್ಳಬೇಡಿ.

ವೇಗವಾಗಿ ಮಿನುಗುವುದನ್ನೇ ಎಲ್ಲರೂ ರೋಗವೆಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಕಾರು ತಯಾರಿಸಿದವರು ಬೇಕೆಂದೇ ಇಟ್ಟ ಎಚ್ಚರಿಕೆ. ಚಾಲಕ ಕುಳಿತಲ್ಲಿಂದ ಹಿಂದಿನ ದೀಪ ಕಾಣುವುದಿಲ್ಲವಾದ್ದರಿಂದ, ಅದು ಉರಿಯುತ್ತಿಲ್ಲವೆಂಬ ಸುದ್ದಿ ಅವನಿಗೆ ಹೇಗಾದರೂ ಮುಟ್ಟಬೇಕು. ನಿಮ್ಮ ಕಾರಿನಲ್ಲಿ ಹಿಂದೆ ಮುಂದೆ 21 ವ್ಯಾಟ್‌ನ ಒಂದೊಂದು ಬಲ್ಬ್, ಫೆಂಡರ್ ಮೇಲೆ 5 ವ್ಯಾಟ್‌ನ ಒಂದು ಚಿಕ್ಕ ಬಲ್ಬ್ ಇರುತ್ತವೆ. ಒಟ್ಟು 47 ವ್ಯಾಟ್. ಅಂದರೆ 12 ವೋಲ್ಟ್‌ಗೆ ಸುಮಾರು 4 ಆಂಪಿಯರ್ ಕರೆಂಟ್ ಹರಿಯಬೇಕು. ಹಿಂದಿನ ಬಲ್ಬ್ ಸುಟ್ಟರೆ ಅದು 2 ಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ಫ್ಲಾಷರ್ ಈ ಇಳಿಕೆಯನ್ನು ಗುರುತಿಸಿ, ನಿಮಿಷಕ್ಕೆ 60ರಿಂದ 120 ಬಾರಿಯೊಳಗೆ ಇರಬೇಕಾದ ಮಿನುಗನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಅಂಬಾಸಡರ್ ಕಾಲದ, ಕಾದರೆ ಬಾಗುವ ಲೋಹದ ಪಟ್ಟಿಯ ಫ್ಲಾಷರ್‌ಗಳಲ್ಲಿ ಇದು ತಿರುವುಮುರುವಾಗಿತ್ತು: ಒಂದು ಬಲ್ಬ್ ಹೋದರೆ ಮಿನುಗು ನಿಧಾನವಾಗುತ್ತಿತ್ತು, ಇಲ್ಲವೇ ದೀಪ ಮಿನುಗದೆ ಹಾಗೆಯೇ ಉರಿಯುತ್ತ ನಿಲ್ಲುತ್ತಿತ್ತು. ಹಳೆಯ ಮೇಸ್ತ್ರಿಗಳ ಕೆಲವು ಸಲಹೆಗಳು ಇಂದಿನ ಕಾರುಗಳಿಗೆ ಹೊಂದದಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಫ್ಲಾಷರ್‌ಗೆ ಬಲ್ಬ್ ಕಾಣುವುದಿಲ್ಲ, ಕರೆಂಟ್ ಮಾತ್ರ ಗೊತ್ತಾಗುತ್ತದೆ. ಬಲ್ಬ್ ಸುಟ್ಟಿರಲಿ, ಹೋಲ್ಡರ್‌ನಲ್ಲಿ ಕಿಲುಬು ಹಿಡಿದಿರಲಿ, ಅರ್ಥ್ ವೈರ್ ಸಡಿಲವಾಗಿರಲಿ, ಇಲಿ ಅರ್ಧ ಕಡಿದು ಬಿಟ್ಟಿರಲಿ, ಅದರ ಲೆಕ್ಕದಲ್ಲಿ ಎಲ್ಲವೂ ಒಂದೇ. ಆದ್ದರಿಂದ ಮಿನುಗು ವೇಗವಾಯಿತು ಎಂಬುದರಿಂದ ಆ ಬದಿಯಲ್ಲಿ ಎಲ್ಲೋ ಕರೆಂಟ್ ಕಡಿಮೆ ಹರಿಯುತ್ತಿದೆ ಎಂದಷ್ಟೇ ತಿಳಿಯಬೇಕು.

ಈಗ ನಿಮಗೆ ಸಿಕ್ಕ ಸಲಹೆಗಳನ್ನು ನೋಡೋಣ. ಫ್ಲಾಷರ್ ಹೋಗಿದೆ ಎಂಬ ಮಾತು ಬಲಗಡೆ ಸರಿಯಾಗಿ ಮಿನುಗುತ್ತಿದ್ದಾಗಲೇ ಬಿದ್ದುಹೋಗಬೇಕಿತ್ತು, ಏಕೆಂದರೆ ನಿಮ್ಮ ಕಾಲದ ಕಾರಿನಲ್ಲಿ ಎರಡೂ ಬದಿಗೆ ಇರುವುದು ಒಂದೇ ಫ್ಲಾಷರ್. ಅದೇ ಕಾರಣಕ್ಕೆ ಫ್ಯೂಸ್ ಕೂಡ ನಿರಪರಾಧಿ. ಬ್ಯಾಟರಿಯ ಮಾತೂ ಹಾಗೆಯೇ: ಎಂಜಿನ್ ಓಡುವಾಗ ಆಲ್ಟರ್ನೇಟರ್ 13.8ರಿಂದ 14.4 ವೋಲ್ಟ್ ಕೊಡುತ್ತಿರುತ್ತದೆ. ಬ್ಯಾಟರಿಯ ದೌರ್ಬಲ್ಯ ಬಲಗಡೆಯನ್ನು ಬಿಟ್ಟು ಎಡಗಡೆಗೆ ಮಾತ್ರ ಬಡಿಯುವುದಿಲ್ಲ. ಇನ್ನು, ಇಂಡಿಕೇಟರ್ ಹಾಕಿದಾಗ ಮಾತ್ರ ಅವಸರ, ನಾಲ್ಕೂ ದೀಪ ಹಾಕಿದಾಗ ಸರಿಯಾದ ವೇಗ ಎಂಬುದು ನಿಮ್ಮನ್ನು ಗೊಂದಲಕ್ಕೆ ಹಾಕಿರಬಹುದು. ನಾಲ್ಕೂ ದೀಪಗಳ ಕರೆಂಟ್ ಕೂಡಿದಾಗ ಒಂದು ದೀಪದ ಕೊರತೆ ಫ್ಲಾಷರ್‌ಗೆ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ನಮ್ಮಲ್ಲಿ ಬಹಳ ಮಂದಿ ಆ ಗುಂಡಿಯನ್ನು ಪಾರ್ಕಿಂಗ್ ಲೈಟ್ ಎನ್ನುತ್ತಾರೆ, ಮಂಜು ಬಿದ್ದರೂ ಒತ್ತುತ್ತಾರೆ, ನಾಲ್ಕು ರಸ್ತೆ ಕೂಡುವಲ್ಲಿ ನೇರ ಹೋಗುತ್ತೇನೆಂದು ತಿಳಿಸಲೂ ಒತ್ತುತ್ತಾರೆ. ಅದು ಬೇರೆಯೇ ವಿಷಯ, ಬಿಡಿ. ದೋಷ ಹುಡುಕುವವನಿಗೆ ಮಾತ್ರ ಅದು ಒಳ್ಳೆಯ ಸಾಧನ. ಇಂಡಿಕೇಟರ್ ಲಿವರ್‌ನಿಂದ ಒಂದು ಬದಿಯ ದೀಪಗಳು ಹೊತ್ತುವುದೇ ಇಲ್ಲ, ಆದರೆ ಆ ಗುಂಡಿಯಿಂದ ಚೆನ್ನಾಗಿ ಹೊತ್ತುತ್ತವೆ ಎಂದಾದರೆ ಸ್ಟಿಯರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್‌ನ ಮೇಲೆ ಅನುಮಾನ ಪಡಬೇಕು. ನಿಮ್ಮ ಕಾರಿನಲ್ಲಿ ಎರಡೂ ರೀತಿಯಲ್ಲಿ ಹಿಂದಿನ ಎಡ ದೀಪವೇ ಬಡವಾಗಿರುವುದರಿಂದ ಸ್ವಿಚ್ ಬಿಚ್ಚುವ ಅಗತ್ಯವಿಲ್ಲ.

ಬಲ್ಬ್ ಬದಲಿಸಿದಾಗ ಎರಡು ದಿನ ಸರಿಯಿದ್ದದ್ದು ಏಕೆ? ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸುವಾಗ ಅದರ ಹಿತ್ತಾಳೆಯ ಬುಡ ಹೋಲ್ಡರಿಗೆ ಉಜ್ಜಿ, ಕಟ್ಟಿದ್ದ ಕಿಲುಬು ಸ್ವಲ್ಪ ಕೆರೆದುಹೋಗುತ್ತದೆ. ದೀಪದ ಗೂಡನ್ನು ಕಳಚಿ ಕೂರಿಸುವಾಗ ವೈರ್‌ಗಳನ್ನು ಜೋಡಿಸುವ ಕಪ್ಲರ್ ಕೂಡ ಅಲುಗುತ್ತದೆ. ಸಂಪರ್ಕ ಎರಡು ದಿನ ಚುರುಕಾಗುತ್ತದೆ, ಹೊಸ ಬಲ್ಬ್‌ಗೆ ಅದರ ಕೀರ್ತಿ ಸಲ್ಲುತ್ತದೆ. ನಮ್ಮ ಕಸುಬಿನಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ಇಂಥ ತಾತ್ಕಾಲಿಕ ಗುಣವೇ.

ಅರ್ಥ್ ಹೋದರೆ ಬ್ರೇಕಿಗೂ ಇಂಡಿಕೇಟರಿಗೂ ನಂಟು ಬೆಳೆಯುವುದು ಹೇಗೆ ಎಂಬುದನ್ನು ನೀವು ಗದ್ದೆಯಲ್ಲಿ ಕಂಡಿದ್ದೀರಿ. ಮೂರು ಗದ್ದೆಗಳ ನೀರು ಒಂದೇ ತೂಬಿನಿಂದ ಹೊರಹೋಗಬೇಕು ಎಂದಿಟ್ಟುಕೊಳ್ಳಿ. ತೂಬಿಗೆ ಕಸ ಕಟ್ಟಿದರೆ ಒಂದು ಗದ್ದೆಗೆ ಬಿಟ್ಟ ನೀರು ಬದು ಹತ್ತಿ ಪಕ್ಕದ ಗದ್ದೆಗೆ ಇಳಿದು, ಅಲ್ಲಿಂದ ಸಿಕ್ಕ ದಾರಿಯಲ್ಲಿ ಹೊರಬೀಳುತ್ತದೆ. ನಿಮ್ಮ ಹಿಂದಿನ ಎಡ ಗೂಡಿನಲ್ಲಿ ಟೇಲ್, ಬ್ರೇಕ್, ಇಂಡಿಕೇಟರ್ ಈ ಮೂರಕ್ಕೂ ಹಿಂದಿರುಗುವ ದಾರಿಯಾಗಿ ಇರುವುದು ಒಂದೇ ಕಪ್ಪು ವೈರ್. ಅದು ಕಟ್ಟಿಕೊಂಡಾಗ ಬ್ರೇಕ್ ಬಲ್ಬ್‌ಗೆ ಬಂದ ಕರೆಂಟ್ ಇಂಡಿಕೇಟರ್ ಬಲ್ಬ್‌ನೊಳಗೆ ಹಿಮ್ಮುಖವಾಗಿ ನುಗ್ಗಿ, ಆ ವೈರ್ ಹಿಡಿದು ಮುಂದಿನ ಎಡ ಬಲ್ಬ್‌ಗೆ ಹೋಗಿ, ಅಲ್ಲಿನ ಒಳ್ಳೆಯ ಅರ್ಥ್‌ನಲ್ಲಿ ಇಳಿಯುತ್ತದೆ. ಆ ದಾರಿಗೇ ಜೋಡಿಸಿರುವ ಡ್ಯಾಶ್‌ಬೋರ್ಡಿನ ಬಾಣಕ್ಕೂ ಒಂದಿಷ್ಟು ಪಾಲು ಸಿಕ್ಕಿ ಅದು ನಸುವಾಗಿ ಕಾಣುತ್ತದೆ. ರಾತ್ರಿ ಟೇಲ್ ಲ್ಯಾಂಪ್ ಕೂಡ ಇಂಡಿಕೇಟರ್ ಮೂಲಕವೇ ಅರ್ಥ್ ಹುಡುಕಿಕೊಂಡಿರುತ್ತದೆ. ಇಂಡಿಕೇಟರ್‌ಗೆ 12 ವೋಲ್ಟ್ ಬಂದ ಗಳಿಗೆಯಲ್ಲಿ ಆ ದಾರಿ ಮುಚ್ಚಿ ಟೇಲ್ ಆರುತ್ತದೆ, ಇಂಡಿಕೇಟರ್ ಆರಿದಾಗ ಮತ್ತೆ ಹೊತ್ತುತ್ತದೆ. ಬೈಕಿನವರು ಕಂಡದ್ದು ಇದನ್ನೇ.

ಇದು ಚಿಲ್ಲರೆ ದೋಷವಲ್ಲ ಎಂಬುದನ್ನೂ ಹೇಳಬೇಕು. ಆ ಬದಿಯ ಬ್ರೇಕ್ ದೀಪವೂ ಈಗ ಮಂಕಾಗಿಯೇ ಉರಿಯುತ್ತಿರುತ್ತದೆ. ಆಗುಂಬೆ ಘಾಟಿಯಲ್ಲಿ ಮಂಜಿನ ಹೊತ್ತು ನಿಮ್ಮ ಹಿಂದೆ ಬರುವ ಬಸ್ಸಿನ ಚಾಲಕನಿಗೆ ನೀವು ಬ್ರೇಕ್ ಒತ್ತಿದಿರೋ ಎಡಕ್ಕೆ ತಿರುಗುತ್ತಿದ್ದೀರೋ ಎಂಬುದು ತಿಳಿಯದಂತಾಗುತ್ತದೆ.

ಪರೀಕ್ಷೆ ಹೀಗಿರಲಿ. ಮೊದಲು ಎಲ್‌ಇಡಿಗಳನ್ನು ತೆಗೆದು ಹಳೆಯ 21 ವ್ಯಾಟ್ ಬಲ್ಬ್‌ಗಳನ್ನೇ ಹಾಕಿ. ಇಲ್ಲದಿದ್ದರೆ ಒಂದು ದೋಷದ ಮೇಲೆ ಇನ್ನೊಂದು ಕೂತು ಯಾವುದೂ ಅರ್ಥವಾಗುವುದಿಲ್ಲ. ಹಾಕುವ ಮುನ್ನ ಬಲ್ಬ್‌ನ ಬುಡದಲ್ಲಿ ಅಚ್ಚಾಗಿರುವುದನ್ನು ಓದಿ, ಏಕೆಂದರೆ ಅಂಗಡಿಯಲ್ಲಿ ನೋಡಲು ಒಂದೇ ಥರವಿರುವ 10 ವ್ಯಾಟ್ ಬಲ್ಬ್‌ಗಳೂ ಸಿಗುತ್ತವೆ. ಬಳಿಕ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಒಂದು ಉದ್ದ ವೈರ್ ಸೇರಿಸಿ ಬ್ಯಾಟರಿಯ ನೆಗೆಟಿವ್‌ಗೆ ಕಟ್ಟಿ, ಕೆಂಪು ಕಡ್ಡಿಯನ್ನು ಹಿಂದಿನ ಎಡ ಗೂಡಿನ ಕಪ್ಪು ವೈರ್‌ಗೆ, ಸಾಧ್ಯವಾದರೆ ಹೋಲ್ಡರ್‌ನ ಲೋಹಕ್ಕೇ ತಾಗಿಸಿ. ಮನೆಯವರಲ್ಲೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಇಂಡಿಕೇಟರ್ ಹಾಕಿ ನೋಡಿದರೆ ಮೀಟರಿನ ಅಂಕಿ ಕುಣಿಯುತ್ತದೆ. ಬ್ರೇಕ್‌ಗೂ ಅದೇ ಅರ್ಥ್ ಆಗಿರುವುದರಿಂದ ಅದು ಸ್ಥಿರವಾದ ಲೆಕ್ಕ ಕೊಡುತ್ತದೆ. ಅರ್ಥ್ ಸರಿಯಿದ್ದರೆ 0.1ರಿಂದ 0.2 ವೋಲ್ಟ್ ಒಳಗೆ ತೋರಬೇಕು. ಅರ್ಧ ವೋಲ್ಟ್ ದಾಟಿದರೆ ಸಂದೇಹ. 2 ವೋಲ್ಟ್‌ಗಿಂತ ಹೆಚ್ಚಾದರೆ ಸಂದೇಹವೂ ಬೇಡ. ಇದನ್ನೇ ಬಲಗಡೆಯ ಗೂಡಿಗೂ ಮಾಡಿ. ನಿಮ್ಮದೇ ಕಾರಿನ ಆರೋಗ್ಯವಂತ ಬದಿಗಿಂತ ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ.

ಅನೇಕರು ಇಲ್ಲಿ ಮೀಟರನ್ನು ಕಂಟಿನ್ಯೂಟಿಗೆ, ಅಂದರೆ ದಾರಿ ಕಡಿಯದೆ ಇದ್ದರೆ ಕೂಗುವ ಸ್ಥಾನಕ್ಕೆ ಇಟ್ಟು, ಆ ಸದ್ದು ಕೇಳಿ, ಅರ್ಥ್ ಚೆನ್ನಾಗಿದೆ ಎಂದು ತೀರ್ಪು ಕೊಡುತ್ತಾರೆ. ನಿಮ್ಮ ಮೂವರಲ್ಲಿ ಒಬ್ಬರಾದರೂ ಹಾಗೆ ಮಾಡಿರುತ್ತಾರೆಂದು ನನ್ನ ಊಹೆ. ಮೀಟರ್ ಕಳುಹಿಸುವ ಕರೆಂಟ್ ಅತ್ಯಲ್ಪ. ಇಪ್ಪತ್ತು ಎಳೆಗಳ ವೈರ್‌ನಲ್ಲಿ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಅದು ಕೂಗುತ್ತದೆ. ಅದೇ ದಾರಿಯಲ್ಲಿ ಎರಡು ಮೂರು ಆಂಪಿಯರ್ ಹರಿಯಬೇಕಾದಾಗಲೇ ಬಣ್ಣ ಬಯಲಾಗುವುದು. ಹೊರೆ ಹೊತ್ತಾಗ ಅಳೆಯಬೇಕು ಎಂದು ನಾನು ಹುಡುಗರಿಗೆ ಹೇಳುವುದು ಇದಕ್ಕೇ.

ಮೀಟರ್ ಇಲ್ಲದಿದ್ದರೆ ಇನ್ನೂ ಸರಳವಾದ ಉಪಾಯವಿದೆ. ಒಂದು ಮೀಟರ್ ಉದ್ದದ ವೈರ್‌ನ ಎರಡೂ ತುದಿ ಸುಲಿದು, ಒಂದನ್ನು ಗೂಡಿನ ಕಪ್ಪು ವೈರ್‌ಗೂ ಇನ್ನೊಂದನ್ನು ಡಿಕ್ಕಿಯೊಳಗೆ ಬಣ್ಣವಿಲ್ಲದ ಬೋಲ್ಟ್‌ಗೂ ಒತ್ತಿ ಹಿಡಿಯಿರಿ. ಎಡ ಇಂಡಿಕೇಟರ್ ಕೂಡಲೇ ಬಲಗಡೆಯ ವೇಗಕ್ಕೆ ಬಂದರೆ ದೋಷ ಸಿಕ್ಕಿತು. ಅಪಾಯ ಇಷ್ಟೇ: ಕಪ್ಪು ವೈರ್ ಎಂದುಕೊಂಡು ಕರೆಂಟ್ ಬರುವ ವೈರ್‌ಗೆ ತಾಗಿಸಿದರೆ ಫ್ಯೂಸ್ ಹಾರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅರ್ಥ್ ಕಪ್ಪು ಬಣ್ಣದ್ದಾದರೂ ಕೆಲವು ತಯಾರಕರು ಕಂದು ಬಳಸುತ್ತಾರೆ. ಯಾರೋ ಮಧ್ಯೆ ತಮಗೆ ಸಿಕ್ಕ ಬಣ್ಣದ ವೈರ್ ಸೇರಿಸಿರುವುದೂ ಉಂಟು. ಆದ್ದರಿಂದ ಮೊದಲು ಟೆಸ್ಟ್ ಲ್ಯಾಂಪ್ (ಕರೆಂಟ್ ಇರುವ ವೈರ್‌ಗೆ ತಾಗಿಸಿದರೆ ಹೊತ್ತುವ ಪುಟ್ಟ ದೀಪ) ಹಿಡಿದು ಖಚಿತ ಮಾಡಿಕೊಳ್ಳಿ.

ಕಳೆದ ವರ್ಷ ಇದೇ ಲಕ್ಷಣದ ಒಂದು ಕಾರು ನನ್ನ ಬಳಿಗೆ ಬಂದಿತ್ತು. ಬ್ರೇಕ್ ಒತ್ತಿದಾಗ ಅರ್ಥ್‌ನಲ್ಲಿ 3.8 ವೋಲ್ಟ್. ಡಿಕ್ಕಿಯ ಎಡ ಮೂಲೆಯ ರಟ್ಟಿನ ಹೊದಿಕೆ ಸರಿಸಿದರೆ, ಅದರ ಹಿಂದೆ 10ರ ಸ್ಪಾನರ್ ಹಿಡಿಯುವ ಒಂದು ಬೋಲ್ಟ್. ಅದರಡಿಯ ಉಂಗುರದಂಥ ಟರ್ಮಿನಲ್ ಮೇಲೆ ಹಸಿರು ಪುಡಿ, ಸುತ್ತ ತಗಡಿನಲ್ಲಿ ಕೆಂಪು ತುಕ್ಕು. ವೈರನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದದ್ದೇ ತಡ, ಟರ್ಮಿನಲ್ ಬೋಲ್ಟ್‌ನಲ್ಲೇ ಉಳಿದು ವೈರ್ ಕೈಗೆ ಬಂತು. ಒಳಗಿನ ತಾಮ್ರ ಸುಟ್ಟ ಬೆಂಕಿಕಡ್ಡಿಯ ಹಾಗೆ ಕಪ್ಪಾಗಿತ್ತು. ಅದಕ್ಕೂ ಮೊದಲು ಆ ಕಾರಿಗೆ ಎರಡು ಫ್ಲಾಷರ್, ಆರು ಬಲ್ಬ್ ಹಾಕಿಸಿದ್ದರು.

ದುರಸ್ತಿಗೆ ದೊಡ್ಡ ವಿದ್ಯೆಯೇನೂ ಬೇಡ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಪ್ಪಾದ ಭಾಗ ಕತ್ತರಿಸಿ ಹೊಳೆಯುವ ತಾಮ್ರ ಕಾಣುವವರೆಗೆ ವೈರ್ ಸುಲಿದು, ಹೊಸ ಟರ್ಮಿನಲ್ಲನ್ನು ಕ್ರಿಂಪ್ ಮಾಡಿಸಿ, ಅಂದರೆ ಇಕ್ಕಳದಿಂದ ವೈರ್‌ಗೆ ಅಮುಕಿ ಕೂರಿಸಿ. ಬೋಲ್ಟ್ ಕೂರುವ ಜಾಗವನ್ನು ಎಮರಿ ಕಾಗದದಿಂದ ತಗಡು ಹೊಳೆಯುವಂತೆ ತಿಕ್ಕಿ, ಬಿಗಿಯಾಗಿ ತಿರುಗಿಸಿ, ಆಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಮೊದಲೇ ಜೆಲ್ಲಿ ಸವರಿ ಬಿಗಿಯುವ ಅಭ್ಯಾಸ ಕೆಲವರಿಗಿದೆ. ನನಗದು ಒಪ್ಪಿಗೆಯಿಲ್ಲ, ಲೋಹಕ್ಕೆ ಲೋಹ ಮೊದಲು ಕಚ್ಚಿಕೊಳ್ಳಲಿ. ಹೋಲ್ಡರ್‌ನ ತಗಡು ಸುಟ್ಟು ಸಡಿಲವಾಗಿದ್ದರೆ ಕೆರೆದು ಕೂರಿಸುವ ಬದಲು ಹೋಲ್ಡರನ್ನೇ ಬದಲಿಸಿ. ಬೋಲ್ಟ್‌ನ ಬಳಿ ಎಲ್ಲವೂ ಸರಿಯಿದ್ದು ಹೋಲ್ಡರ್ ಬಳಿ ಮಾತ್ರ ವೋಲ್ಟ್ ಹೆಚ್ಚು ಬಂದರೆ, ದೋಷ ಅವೆರಡರ ನಡುವಿನ ಕಪ್ಲರ್‌ನಲ್ಲಿದೆ ಎಂದು ತಿಳಿಯಿರಿ. ಎರಡೂ ಕಡೆ ಅಂಕಿ ಚೆನ್ನಾಗಿದ್ದರೆ ಮಾತ್ರ ಕರೆಂಟ್ ಬರುವ ವೈರ್ ಕಡೆ ತಿರುಗಿ. ತೋಟದ ಮನೆಯ ಕಾರಾದ್ದರಿಂದ ಡೋರ್ ಪಟ್ಟಿಯ ಅಡಿ, ಹಿಂದಿನ ಸೀಟಿನ ಬದಿಯಲ್ಲಿ ಇಲಿ ಹಲ್ಲಿನ ಗುರುತು ಇದೆಯೇ ನೋಡಿ.

ಎಲ್‌ಇಡಿಯ ವಿಚಾರ. ನಿಮ್ಮ ಮಗನ ಬಲ್ಬ್‌ಗಳು ಕೆಟ್ಟವೇನಲ್ಲ, ಆದರೆ ಅವು ತಿನ್ನುವುದು ಎರಡು ಮೂರು ವ್ಯಾಟ್ ಅಷ್ಟೆ. 21 ವ್ಯಾಟ್ ನಿರೀಕ್ಷಿಸುವ ಫ್ಲಾಷರ್‌ಗೆ ಆ ಬದಿಯ ಬಲ್ಬ್‌ಗಳೆಲ್ಲ ಸುಟ್ಟುಹೋದಂತೆಯೇ ಕಾಣುತ್ತದೆ. ಎರಡೂ ಬದಿ ಅವಸರದಲ್ಲಿ ಮಿನುಗುವುದು ಅದಕ್ಕೇ. ಇದಕ್ಕೆ ಮದ್ದೆಂದು 6 ಓಮ್‌ನ ರೆಸಿಸ್ಟರ್ ಮಾರುತ್ತಾರೆ. ಎಂಜಿನ್ ಓಡುವಾಗಿನ 13.5 ವೋಲ್ಟ್‌ನಲ್ಲಿ ಅದು 30 ವ್ಯಾಟ್ ಶಾಖ ಉಗುಳುತ್ತದೆ, ಕೈ ಇಟ್ಟರೆ ಸುಡುತ್ತದೆ. ಟೇಪ್ ಸುತ್ತಿ ಟೇಲ್ ಲ್ಯಾಂಪ್‌ನ ಪ್ಲಾಸ್ಟಿಕ್‌ಗೆ ಕಟ್ಟಿದ್ದು ಕರಗಿ ಅಂಟಿಕೊಂಡದ್ದನ್ನು ನಾನು ಬಿಡಿಸಿದ್ದೇನೆ. ಹಾಕಲೇಬೇಕೆಂದಿದ್ದರೆ ಬರಿಯ ತಗಡಿಗೆ ಸ್ಕ್ರೂ ಮಾಡಿ ಕೂರಿಸಬೇಕು. ಇನ್ನೊಂದು ದಾರಿ ಎಲ್‌ಇಡಿಗೆಂದೇ ಬರುವ ಫ್ಲಾಷರ್; ಅದು ಬಿಸಿಯಾಗುವುದಿಲ್ಲ, ವೇಗವೂ ಸರಿಯಾಗುತ್ತದೆ. ಎರಡು ದಾರಿಯಲ್ಲೂ ಇರುವ ನಷ್ಟ ಒಂದೇ: ನಾಳೆ ಹಿಂದಿನ ದೀಪ ನಿಜವಾಗಿ ಆರಿದರೂ ನಿಮಗೆ ಗೊತ್ತಾಗುವುದಿಲ್ಲ. ಅದಲ್ಲದೆ ದೀಪದ ಹಿಂದಿನ ಹೊಳಪಿನ ಬಟ್ಟಲನ್ನು ತಂತಿಯ ಬಲ್ಬ್‌ಗೆಂದು ರೂಪಿಸಿರುವುದರಿಂದ, ಅಗ್ಗದ ಎಲ್‌ಇಡಿ ನೇರದಿಂದ ಪ್ರಖರವಾಗಿ ಕಂಡರೂ ಬದಿಯಿಂದ ಬರುವವರಿಗೆ ಮಂಕಾಗಿ ಕಾಣಬಹುದು. ನಿಮ್ಮ ಕಾರಿನಲ್ಲಿ ನಾನಾಗಿದ್ದರೆ ತಂತಿಯ ಬಲ್ಬನ್ನೇ ಉಳಿಸಿಕೊಳ್ಳುತ್ತಿದ್ದೆ.

ಪೂರ್ತಿ ವೈರಿಂಗ್ ಬದಲಿಸುವುದಕ್ಕೆ ನನ್ನ ವಿರೋಧ ಖಚಿತವಾದದ್ದು. ನೆರೆಯಲ್ಲಿ ಮುಳುಗಿದ ಕಾರಿಗೆ, ಒಳಗೇ ಸುಟ್ಟು ಒಂದಕ್ಕೊಂದು ಅಂಟಿಕೊಂಡ ವೈರ್‌ಗೆ, ಇಲಿ ಹತ್ತು ಕಡೆ ಕಡಿದದ್ದಕ್ಕೆ ಅದು ಬೇಕಾಗಬಹುದು. ಒಂದು ದೀಪದ ಅರ್ಥ್‌ಗಾಗಿ ಕಾರ್ಖಾನೆಯ ಹಾರ್ನೆಸ್ (ವೈರ್‌ಗಳ ಕಟ್ಟು) ಕಿತ್ತು ಕೈಯಿಂದ ಕಟ್ಟಿದ್ದನ್ನು ಹಾಕಿಸಿದರೆ ಇಲ್ಲದ ಹತ್ತು ಹೊಸ ಜಾಯಿಂಟ್‌ಗಳನ್ನು ಹಣ ಕೊಟ್ಟು ಕೊಂಡಂತಾಗುತ್ತದೆ. ಈ ಓಡಾಟದಲ್ಲಿ ಯಾರಾದರೂ ಫ್ಯೂಸ್ ಮುಟ್ಟಿದ್ದರೆ ಅದನ್ನೂ ಒಮ್ಮೆ ನೋಡಿ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಮುಚ್ಚಳದ ಮೇಲೆ ಬರೆದಿರುವುದಕ್ಕಿಂತ ದೊಡ್ಡದು ಕೂತಿದ್ದರೆ ಅದನ್ನು ತೆಗೆಸಿ. ಫ್ಯೂಸ್ ಇರುವುದು ವೈರ್ ಕಾಯುವುದಕ್ಕೆ. ದೊಡ್ಡದು ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರ್ ಬೇಯುತ್ತದೆ.

ಇದನ್ನು ಓದುತ್ತಿರುವ ಹೊಸ ಕಾರಿನವರಿಗೂ ಒಂದು ಮಾತು. ಈಗಿನ ಕಾರುಗಳಲ್ಲಿ ಬೇರೆ ಫ್ಲಾಷರ್ ಇರುವುದಿಲ್ಲ. ಬಿಸಿಎಂ ಎಂಬ ಕಂಪ್ಯೂಟರ್ ಪೆಟ್ಟಿಗೆ ಆ ಕೆಲಸ ಮಾಡುತ್ತದೆ, ಟಿಕ್‌ಟಿಕ್ ಸದ್ದನ್ನೂ ಸ್ಪೀಕರ್ ಮೂಲಕ ಅದೇ ಹೊರಡಿಸುತ್ತದೆ. ಅದರಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ದಾರಿಗಳಿರಬಹುದಾದ್ದರಿಂದ, ಬಲ ಸರಿಯಿದ್ದರೆ ಫ್ಲಾಷರ್ ಸರಿ ಎಂಬ ನನ್ನ ತರ್ಕ ಅಲ್ಲಿ ನಿಲ್ಲುವುದಿಲ್ಲ. ಅಂಥ ಕಾರಿನಲ್ಲಿ ವೈರ್‌ನಿಂದ ವೈರ್‌ಗೆ ಕರೆಂಟ್ ಕೊಟ್ಟು ನೋಡುವ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಪೆಟ್ಟಿಗೆ ಸುಟ್ಟರೆ ಅದರ ಬೆಲೆ ಬಲ್ಬ್‌ನ ಲೆಕ್ಕದಲ್ಲಿರುವುದಿಲ್ಲ. ಅರ್ಥ್‌ನಲ್ಲಿ ವೋಲ್ಟ್ ಅಳೆಯುವ ಪರೀಕ್ಷೆಗೆ ಮಾತ್ರ ಅಲ್ಲೂ ಯಾವ ಅಡ್ಡಿಯೂ ಇಲ್ಲ.

ಕೊನೆಯದಾಗಿ, ನೀರು ಎಲ್ಲಿಂದ ಬಂತೆಂದು ನೋಡದೆ ಗೂಡನ್ನು ಮುಚ್ಚಬೇಡಿ. ದೀಪದ ಗಾಜಿನ ಒಳಮೈ ಬೆವರಿದೆಯೇ, ಗೂಡಿನ ಹಿಂದಿನ ರಬ್ಬರ್ ವಾಷರ್ ಹೆಂಚಿನ ಚೂರಿನಂತೆ ಗಟ್ಟಿಯಾಗಿದೆಯೇ, ಡಿಕ್ಕಿ ಬಾಗಿಲಿನ ರಬ್ಬರ್ ಮೂಲೆಯಲ್ಲಿ ಸೀಳಿದೆಯೇ ಪರೀಕ್ಷಿಸಿ. ಒಬ್ಬರು ಹೊರಗಿನಿಂದ ಬಿಂದಿಗೆಯಲ್ಲಿ ನೀರು ಸುರಿಯಲಿ, ನೀವು ಡಿಕ್ಕಿಯೊಳಗೆ ಟಾರ್ಚ್ ಹಿಡಿದು ನೋಡಿ. ಆ ವಾಷರ್ ಬದಲಿಸದೆ ಟರ್ಮಿನಲ್ ಮಾತ್ರ ಹೊಸತು ಮಾಡಿಸಿದರೆ, ಮುಂದಿನ ಆರಿದ್ರೆ ಮಳೆ ಕಳೆಯುವಷ್ಟರಲ್ಲಿ ನೀವು ನನಗೆ ಇದೇ ಪತ್ರವನ್ನು ಇನ್ನೊಮ್ಮೆ ಬರೆಯಬೇಕಾಗುತ್ತದೆ.